ಕೂಪನ್ ಕಡಿಮೆ ಮಾಡಿದ ಮೇಲೆ ಉಳಿತಾಯ ಜಾಸ್ತಿಯಾಯಿತು: ನನ್ನ ಅನುಭವ

ಕೂಪನ್ ಸಹವಾಸ ಬಿಟ್ಟುಬಿಡು ಎಂದು ಎಲ್ಲರೂ ಹೇಳಿಯಾಗಿತ್ತು. ಮನೆಯವರು ಹೇಳಿದರು, ಉಡುಪಿಯ ನಾದಿನಿ ಫೋನಿನಲ್ಲಿ ಹೇಳಿದಳು, ಪಕ್ಕದ ಮನೆಯ ಅಕ್ಕ "ನೂರು ರೂಪಾಯಿಗೆ ಇಷ್ಟು ಮಂಡೆಬಿಸಿ ಯಾಕೆ ಮಾರಾಯ್ತಿ?" ಎಂದು ಕೇಳಿದರು. ನಾನು ಬಿಡಲಿಲ್ಲ, ಮಾಡುವ ಕ್ರಮವನ್ನು ಬದಲಿಸಿದೆ. ಮಂಗಳೂರಿನಲ್ಲಿ ಐದು ಜನರ ಮನೆ ನಮ್ಮದು. ಮೀನು, ತರಕಾರಿ, ಹಾಲು ಬಿಟ್ಟು ತಿಂಗಳ ಸಾಮಾನಿಗೆ ಹನ್ನೊಂದು ಸಾವಿರದ ಆಸುಪಾಸು ಹೋಗುತ್ತಿತ್ತು. ಈಗ ಒಂಬತ್ತೂವರೆ ಸಾವಿರದ ಹತ್ತಿರ ನಿಂತಿದೆ. ಕೂಪನ್ ಕೆಲಸಕ್ಕೆ ವಾರಕ್ಕೆ ಒಂದು ಗಂಟೆಯೂ ಬೇಡ. ಅದೇ ಅಕ್ಕ ಮೊನ್ನೆ ನಾನು ಕ್ರಯ ಬರೆದಿಡುವ ಪುಸ್ತಕ ಕೇಳಿ ತೆಗೆದುಕೊಂಡು ಹೋಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಕೂಪನ್ ಹುಡುಕುವುದು ಹೇಗೆ, ಕಾರ್ಡ್ ಆಫರ್ ಎಂದರೇನು ಎಂದೆಲ್ಲ ವಿವರಿಸುವುದಿಲ್ಲ. ಇದನ್ನು ಓದುವವರ ಫೋನಿನಲ್ಲೂ ನಾಲ್ಕೈದು ಆ್ಯಪ್, ಒಂದಷ್ಟು ಸ್ಕ್ರ್ಯಾಚ್ ಕಾರ್ಡ್, ಎರಡು ಬ್ಯಾಂಕಿನ ಕಾರ್ಡ್, ಸೂಪರ್‌ಮಾರ್ಕೆಟ್ಟಿನ ಪಾಯಿಂಟು ಇದ್ದೇ ಇರುತ್ತವೆ. ಬಿಲ್ಲಿನ ಹಿಂದೆ ಪ್ರಿಂಟ್ ಆಗಿ ಬರುವ, ಒಂದು ವಾರದಲ್ಲಿ ಮುಗಿಯುವ ಕೂಪನ್ ಬೇರೆ. ರಾತ್ರಿ ಊಟ ಮುಗಿಸಿ ಇದನ್ನೆಲ್ಲ ಹರಡಿಕೊಂಡು ಕೂತರೆ ಹನ್ನೊಂದು ದಾಟುತ್ತಿತ್ತು. ಸುಸ್ತು ಮಾಡುತ್ತಿದ್ದದ್ದು ಆ ಲೆಕ್ಕಕ್ಕಿಂತ ಹೆಚ್ಚಾಗಿ, ಬಳಸದೆ ಬಿಟ್ಟ ಪ್ರತಿ ಕೂಪನ್ ಕೈಯಾರೆ ಬಿಸಾಡಿದ ದುಡ್ಡು ಅನ್ನುವ ಭಾವನೆ. ಆ ಗಂಟು ಬಿಚ್ಚಿದ್ದು ಕೌಂಟರಿನಲ್ಲಿ ದುಡ್ಡು ಹೋದ ಮೇಲೆ.

ನಗರದ ಒಂದು ಸೂಪರ್‌ಮಾರ್ಕೆಟ್ಟಿನಲ್ಲಿ ವಾರದ ಒಂದು ದಿನ ಕಾರ್ಡಿಗೆ ಶೇಕಡಾ 10 ರಿಯಾಯಿತಿ ಇತ್ತು. ಕನಿಷ್ಠ ಬಿಲ್ 1500, ಹೆಚ್ಚೆಂದರೆ 150 ಕಡಿತ. ನನ್ನ ಬಿಲ್ 1530 ಆಯಿತು. ಕೈಯಲ್ಲಿ 100 ರೂಪಾಯಿಯ ಕೂಪನ್ ಬೇರೆ ಇತ್ತು, ಕೊಟ್ಟೆ. ಹುಡುಗಿ ಸ್ಕ್ಯಾನ್ ಮಾಡಿದಳು, ಬಿಲ್ 1430ಕ್ಕೆ ಇಳಿಯಿತು. ಕಾರ್ಡ್ ಉಜ್ಜಿದರೆ ರಿಯಾಯಿತಿ ಬರಲಿಲ್ಲ. ಯಾಕೆಂದರೆ ಯಂತ್ರ ನೋಡುವುದು ಕೂಪನ್ ಕಳೆದ ಮೇಲಿನ ಮೊತ್ತವನ್ನು. ನೂರರ ಕೂಪನ್ ನೂರೈವತ್ತನ್ನು ನುಂಗಿತು. ಹಿಂದೆ ಜನ ಕಾಯುತ್ತಿದ್ದರು, 1500 ಮುಟ್ಟಿಸಲೆಂದು ಪಕ್ಕದ ಸ್ಟ್ಯಾಂಡಿನಿಂದ ಎಂಬತ್ತು ರೂಪಾಯಿಯ ಚಾಕಲೇಟ್ ತೆಗೆದಿಟ್ಟೆ. ಈಗ ಅಂಥ ದಿನ ಎರಡು ಬಿಲ್ ಮಾಡಿಸುತ್ತೇನೆ: ಕಾರ್ಡಿನದ್ದು ಒಂದು, ಕೂಪನಿನದ್ದು ಒಂದು. ಎರಡಕ್ಕೂ ಬೇಕಾದಷ್ಟು ಸಾಮಾನು ಇಲ್ಲವೆಂದರೆ ಕೂಪನ್ ಪರ್ಸಿನಿಂದ ಹೊರಗೇ ಬರುವುದಿಲ್ಲ.

ಆ್ಯಪ್‌ನದ್ದು ಇನ್ನೊಂದು ತರಹ. 999ಕ್ಕೆ 150 ಕಡಿತ ಎಂದು ಸರಿಯಾಗಿ 1005ರಷ್ಟು ಸಾಮಾನು ಹಾಕುತ್ತಿದ್ದೆ. ತಂದುಕೊಡುವ ಹೊತ್ತಿಗೆ ಒಂದು ಸಾಮಾನು ಸ್ಟಾಕ್ ಇಲ್ಲ ಎಂದು ತೆಗೆದಿರುತ್ತಿದ್ದರು, ಮೊತ್ತ 999ರ ಕೆಳಗೆ, ಕೂಪನ್ ರದ್ದು. ದೂರು ಕೊಟ್ಟರೆ ವ್ಯಾಲೆಟ್ಟಿಗೆ ಐವತ್ತು ರೂಪಾಯಿ, ಅದಕ್ಕೂ ಅವಧಿ. ಈಗ ಕನಿಷ್ಠ ಮೊತ್ತದ ಮೇಲೆ ಒಂದು ಸಾಮಾನಿನಷ್ಟು ಅಂತರ ಇಟ್ಟೇ ಆರ್ಡರ್ ಹಾಕುವುದು. ಆ ಅಂತರಕ್ಕೆ ಬೇಕಾದದ್ದು ಪಟ್ಟಿಯಲ್ಲಿ ಇಲ್ಲದಿದ್ದರೆ ಆರ್ಡರೇ ಇಲ್ಲ.

ಇನ್ನು ಪುಸ್ತಕದ ವಿಷಯ. ಮಗಳ ಹಳೆಯ ಇನ್ನೂರು ಪುಟದ ನೋಟ್‌ಬುಕ್. ಅದಕ್ಕೆ ಕ್ರಯದ ಪುಸ್ತಕ ಎಂದು ಹೆಸರಿಟ್ಟಿದ್ದೇನೆ. ನಾವು ತಿಂಗಳು ತಿಂಗಳು ತರುವ ಮೂವತ್ತಕ್ಕೂ ಮಿಕ್ಕಿದ ಸಾಮಾನಿಗೆ ಒಂದೊಂದು ಪುಟ. ಅದರಲ್ಲಿ ಬರೆಯುವುದು ಒಂದೇ: ನೂರು ಗ್ರಾಂಗೆ ನಾನು ಕೊಟ್ಟ ಅತಿ ಕಡಿಮೆ ಕ್ರಯ, ಎಲ್ಲಿ, ಯಾವ ತಿಂಗಳು. ಪ್ಯಾಕೆಟ್ಟಿನ ಮೇಲೆ ಈಗ ಎಂಆರ್‌ಪಿ ಪಕ್ಕದಲ್ಲೇ ಗ್ರಾಂಗೆ ಎಷ್ಟು ಎಂದು ಹಾಕಿರುತ್ತಾರೆ, ಆದರೆ ಅದು ಎಂಆರ್‌ಪಿ ಲೆಕ್ಕ. ನಾವು ಕೊಡುವ ದುಡ್ಡಿನ ಲೆಕ್ಕ ನಾವೇ ಮಾಡಬೇಕು. ಪುಸ್ತಕ ತುಂಬಲು ಮೂರು ತಿಂಗಳು ಹಿಡಿಯಿತು. ಹೆಚ್ಚಿನವರು ಕೈಬಿಡುವುದು ಇದೇ ಮೂರು ತಿಂಗಳಲ್ಲಿ.

ಪುಸ್ತಕ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಸೂರ್ಯಕಾಂತಿ ಎಣ್ಣೆಯ ಪುಟ ನೋಡಿ. ಒಂದು ಲೀಟರಿನ ಪ್ಯಾಕೆಟ್ ಎಂದರೆ 910 ಗ್ರಾಂ. ಅದರ ಪಕ್ಕದಲ್ಲೇ ನೋಡಲು ಅಷ್ಟೇ ದೊಡ್ಡದಾದ 850 ಗ್ರಾಂ ಪ್ಯಾಕೆಟ್ ಇಟ್ಟಿರುತ್ತಾರೆ. ನಾನು ನೋಡಿದ ದಿನ ದೊಡ್ಡದಕ್ಕೆ 146, ಸಣ್ಣದಕ್ಕೆ 148, ಸಣ್ಣದರ ಮೇಲೆ ಹತ್ತು ರೂಪಾಯಿ ಕೂಪನ್. ಕೂಪನ್ ಕಳೆದರೆ 138. ಎಲ್ಲರ ಕೈ ಹೋಗುವುದು ಅದಕ್ಕೇ. ನೂರು ಗ್ರಾಂ ಲೆಕ್ಕ ಹಾಕಿದರೆ ದೊಡ್ಡದು 16 ರೂಪಾಯಿ 4 ಪೈಸೆ, ಕೂಪನ್ ಹಾಕಿದ ಸಣ್ಣದು 16 ರೂಪಾಯಿ 24 ಪೈಸೆ. ಕೂಪನ್ ಹಾಕಿಯೂ ನಷ್ಟ. ಇಪ್ಪತ್ತು ಪೈಸೆಯ ಮಾತಲ್ಲ ಇದು, ಹತ್ತು ರೂಪಾಯಿ ಉಳಿಯಿತು ಎಂದು ನಂಬಿ ಮನೆಗೆ ಬರುತ್ತೇವಲ್ಲ, ಅದು.

ಪುಸ್ತಕ ತುಂಬಿದ ಮೇಲೆ ಕಂಡದ್ದು, ಅರ್ಧಕ್ಕರ್ಧ ಸಾಮಾನಿಗೆ ಕೂಪನ್ ಎಂದೂ ಗೆಲ್ಲುವುದಿಲ್ಲ. ಕುಚ್ಚಲಕ್ಕಿಯನ್ನೇ ತೆಗೆದುಕೊಳ್ಳಿ. ಐದು ಕಿಲೋ ಪ್ಯಾಕೆಟ್ 330ರ ಹತ್ತಿರ, ಅಂದರೆ ಕಿಲೋಗೆ 66. ಶೇಕಡಾ 10 ಕೂಪನ್ ಹಾಕಿದರೂ 59ರ ಮೇಲೆ. ಬಂದರಿನ ಸಗಟು ಅಂಗಡಿಯಲ್ಲಿ 26 ಕಿಲೋ ಚೀಲ 1400ರ ಆಸುಪಾಸು, ಕಿಲೋಗೆ 54 ಬೀಳಲಿಕ್ಕಿಲ್ಲ. ಇದೇನು 26 ಕಿಲೋ ಎಂದು ಕೇಳುವವರಿದ್ದಾರೆ. 2022ರ ಜುಲೈಯಿಂದ 25 ಕಿಲೋವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ ಶೇಕಡಾ 5 ಜಿಎಸ್‌ಟಿ ಬಂತು, ಅದರ ಮೇಲಿನ ಚೀಲಕ್ಕೆ ಇಲ್ಲ. ಹಾಗಾಗಿ ಮಿಲ್ಲಿನವರು ಒಂದು ಕಿಲೋ ಜಾಸ್ತಿ ತುಂಬಿಸಿದರು. ನಾವು ಎರಡು ಮನೆಯವರು ಸೇರಿ ತರುತ್ತೇವೆ, ರಿಕ್ಷಾ ಬಾಡಿಗೆಯೂ ಅರ್ಧವಾಗುತ್ತದೆ. ಬ್ಯಾಡಗಿ ಮೆಣಸು, ಕೊತ್ತಂಬರಿ, ಹುಣಸೆಹುಳಿ, ಬೆಲ್ಲ ಎಲ್ಲ ಅಲ್ಲಿಂದಲೇ. ತರಕಾರಿಗೆ ಕಂಕನಾಡಿ ಮಾರ್ಕೆಟ್. ಅಲಸಂಡೆ, ಬಸಳೆಗೆ ಕೂಪನ್ ಹುಡುಕುವುದನ್ನು ನಿಲ್ಲಿಸಿದ ದಿನವೇ ನನ್ನ ಅರ್ಧ ಮಂಡೆಬಿಸಿ ಇಳಿಯಿತು.

ಕೂಪನ್ ನಿಜವಾಗಿ ಕೆಲಸ ಮಾಡುವುದು ಕಂಪೆನಿ ಪ್ಯಾಕೆಟ್ಟುಗಳಿಗೆ: ಟೂತ್‌ಪೇಸ್ಟ್, ಸೋಪು, ಬಟ್ಟೆ ಒಗೆಯುವ ಪುಡಿ, ಚಹಾಪುಡಿ, ಬಿಸ್ಕೆಟ್, ಎಣ್ಣೆ, ನೆಲ ಒರೆಸುವ ದ್ರಾವಣ. ಹದಿನಾಲ್ಕೋ ಹದಿನೈದೋ ಸಾಮಾನು, ಅಷ್ಟೇ. ಶನಿವಾರ ಸಂಜೆ ಡಬ್ಬಿಗಳನ್ನು ನೋಡಿ ಮೊದಲು ಪಟ್ಟಿ ಬರೆಯುತ್ತೇನೆ. ಆಮೇಲೆ ಫೋನ್ ತೆಗೆಯುತ್ತೇನೆ. ಪಟ್ಟಿಯಲ್ಲಿರುವ ಸಾಮಾನಿನದ್ದೇ ಆಗಿರಬೇಕು, ಪುಸ್ತಕದ ಕ್ರಯಕ್ಕಿಂತ ಕೆಳಗೆ ಬರಬೇಕು, ಅಂಥ ಕೂಪನ್ ಮೂರೇ ಮೂರು. ನಾಲ್ಕನೆಯದು ಎಷ್ಟು ಒಳ್ಳೆಯದಿದ್ದರೂ ಬೇಡ. ಮೂರರ ಸ್ಕ್ರೀನ್‌ಶಾಟ್ ಒಂದು ಫೋಲ್ಡರಿನಲ್ಲಿ, ಉಳಿದದ್ದು ಆಗಲೇ ಡಿಲೀಟ್. ಮೂರು ಎಂದು ನಿಲ್ಲಿಸಲು ಕಾರಣ, ಅದಕ್ಕಿಂತ ಹೆಚ್ಚಾದರೆ ಎರಡನೇ ಅಂಗಡಿಗೆ ಹೋಗಬೇಕಾಗುತ್ತದೆ. ಹಂಪನಕಟ್ಟೆಯ ಟ್ರಾಫಿಕ್ಕಿನಲ್ಲಿ ಸ್ಕೂಟರಿನ ಪೆಟ್ರೋಲು, ಪಾರ್ಕಿಂಗ್ ಲೆಕ್ಕ ಹಾಕಿದರೆ ಮೂವತ್ತು ರೂಪಾಯಿ ಉಳಿಸಲು ನಲವತ್ತು ಖರ್ಚು.

ಮೆಸೇಜಿನ ಕಾಟಕ್ಕೆ ಇನ್ನೊಂದು ಮಾತು. ಮೊಬೈಲ್ ನಂಬರ್ ಕೊಡದಿದ್ದರೆ ಬಿಲ್ ಮಾಡುವುದಿಲ್ಲ ಎಂದು ಅಂಗಡಿಯವರು ಹಠ ಹಿಡಿಯುವಂತಿಲ್ಲ, ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರಲ್ಲೇ ಹೇಳಿದೆ. ನಾನು ಪಾಯಿಂಟು ಸೇರುವ ಒಂದೇ ಅಂಗಡಿಗೆ ನಂಬರ್ ಕೊಡುತ್ತೇನೆ, ಅದೂ ಮನೆಯ ಹಳೆಯ ಎರಡನೇ ಸಿಮ್‌ನದ್ದು.

ನಮ್ಮ ಊರಿನ ಮಳೆಯನ್ನು ಲೆಕ್ಕಕ್ಕೆ ಹಿಡಿಯದೆ ಕೂಪನ್ ಮಾಡಿದರೆ ದುಡ್ಡು ಹೋಯಿತೆಂದೇ ಲೆಕ್ಕ. ದೊಡ್ಡ ಆಫರ್ ಬರುವುದು ಆಗಸ್ಟ್ 15ರ ಆಸುಪಾಸಿನಲ್ಲಿ, ಅಂದರೆ ಸರಿಯಾಗಿ ಮಳೆಗಾಲದ ಆಟಿ ತಿಂಗಳು ಮುಗಿಯುವ ಹೊತ್ತಿಗೆ. ಗೋಡೆಯೇ ಬೆವರುವ ಸಮಯ. ಒಂದು ವರ್ಷ ಒಂದಕ್ಕೊಂದು ಉಚಿತ ಎಂದು ಸಜ್ಜಿಗೆ ರವೆ, ಬಿಸ್ಕೆಟ್, ಬಟ್ಟೆ ಪುಡಿ ಮೂಟೆಗಟ್ಟಲೆ ತಂದೆ. ರವೆಗೆ ಹುಳ ಬಂತು, ಬಿಸ್ಕೆಟ್ ಮೆತ್ತಗಾಯಿತು, ಬಟ್ಟೆ ಪುಡಿ ಚೀಲದೊಳಗೇ ಕಲ್ಲಿನ ಹಾಗೆ ಗಟ್ಟಿಯಾಯಿತು. ಎಂಟುನೂರು ರೂಪಾಯಿಯಾದರೂ ಹೋಗಿರಬೇಕು. ಅತ್ತೆ ಏನೂ ಹೇಳಲಿಲ್ಲ. ಮಳೆಗಾಲದ ಸಾಮಾನನ್ನು ಮೇ ತಿಂಗಳ ಬಿಸಿಲಿಗೆ ಒಣಗಿಸಿ ತುಂಬಿಸಿಟ್ಟುಕೊಂಡು ಬೆಳೆದವರು ಅವರು.

ಆಮೇಲೆ ಕೆಲವು ಪ್ರಯೋಗ ಮಾಡಿದೆ. ರವೆಯನ್ನು ಎಣ್ಣೆ ಹಾಕದೆ ಹುರಿದು, ಪೂರ್ತಿ ತಣಿದ ಮೇಲೆ ಡಬ್ಬಿಗೆ ಹಾಕಿದರೆ ಮಳೆಗಾಲ ದಾಟುತ್ತದೆ, ಆದರೆ ಗ್ಯಾಸು ಮತ್ತು ಸಮಯ ಸೇರಿದರೆ ಆಫರಿನ ಲಾಭ ಅಲ್ಲಿಗೇ ಮುಗಿಯಿತು. ತೊಗರಿಬೇಳೆಗೆ ಒಣಮೆಣಸು ಹಾಕಿದ್ದು ಪರವಾಗಿಲ್ಲ. ಬಟ್ಟೆ ಪುಡಿಗೆ ಅಕ್ಕಿ ಕಟ್ಟಿದ ಬಟ್ಟೆ ಗಂಟು ಇಟ್ಟು ನೋಡಿದೆ, ಉಪಯೋಗವಿಲ್ಲ. ಈಗ ಆಗಸ್ಟಿನಲ್ಲಿ ತೇವ ತಾಗದ್ದನ್ನು ಮಾತ್ರ ತರುತ್ತೇನೆ: ಪೇಸ್ಟು, ದ್ರಾವಣ, ಪ್ಲಾಸ್ಟಿಕ್ ಸುತ್ತಿದ ಸೋಪು, ಎಣ್ಣೆ. ಪುಡಿ, ರವೆ, ಬೇಳೆಗೆ ಜನವರಿ 26ರ ಆಫರ್ ಇದೆ, ಆಗ ಹವೆ ಒಣಗಿರುತ್ತದೆ. ಬೆಂಗಳೂರಿನವರು ಹೇಳುವ ಸ್ಟಾಕ್ ಮಾಡುವ ಲೆಕ್ಕ ಕರಾವಳಿಗೆ ಆಗುವುದಿಲ್ಲ.

2025ರ ಸೆಪ್ಟೆಂಬರ್ 22ಕ್ಕೆ ನನ್ನ ಅರ್ಧ ಪುಸ್ತಕ ಹಳತಾಯಿತು. ಸ್ನಾನದ ಸೋಪು, ಟೂತ್‌ಪೇಸ್ಟ್, ಶ್ಯಾಂಪೂ, ಬಿಸ್ಕೆಟಿನ ಜಿಎಸ್‌ಟಿ ಶೇಕಡಾ 18ರಿಂದ 5ಕ್ಕೆ ಇಳಿಯಿತು, ತುಪ್ಪ, ಬೆಣ್ಣೆಯದ್ದು 12ರಿಂದ 5ಕ್ಕೆ. ತೆರಿಗೆ ಸೇರಿ 118 ಇದ್ದ ಸಾಮಾನು 105ಕ್ಕೆ ಬರಬೇಕು, ಅಂದರೆ ಕ್ರಯದಲ್ಲಿ ಶೇಕಡಾ 11ರಷ್ಟು ಇಳಿಕೆ. ಆ ವಾರ ಶೇಕಡಾ 10ರ "ವಿಶೇಷ ಹಬ್ಬದ ಕೂಪನ್" ಹಿಡಿದು ಹಳೆಯ ಎಂಆರ್‌ಪಿಯ ಪೇಸ್ಟ್ ತೆಗೆದುಕೊಂಡವರಿಗೆ, ಸುಮ್ಮನೆ ಬರಬೇಕಾಗಿದ್ದ ಇಳಿಕೆಯಷ್ಟೂ ಸಿಗಲಿಲ್ಲ. ಬಟ್ಟೆ ಒಗೆಯುವ ಪುಡಿ 18ರಲ್ಲೇ ಉಳಿಯಿತು, ಅದರ ಪುಟ ಹಾಗೇ ಇದೆ. ತೆರಿಗೆ ಇಳಿದ ಸಾಮಾನಿನ ಪುಟಗಳಲ್ಲಿ ಆ ದಿನಾಂಕಕ್ಕೆ ಕೆಂಪು ಗೆರೆ ಎಳೆದು ಕೆಳಗಿನಿಂದ ಹೊಸದಾಗಿ ಶುರು ಮಾಡಿದೆ. ಪುಸ್ತಕ ಇಟ್ಟವರು ನೀವೂ ಗೆರೆ ಎಳೆಯಿರಿ, ಹಳೆಯ ಕ್ರಯ ನಂಬಿದರೆ ಸಾಧಾರಣ ಆಫರ್ ಕೂಡ ಭಾರೀ ಲಾಭದಂತೆ ಕಾಣುತ್ತದೆ.

ತಿಂಗಳಿಗೆ ಉಳಿಯುವ ಸಾವಿರದ ಐನೂರರಲ್ಲಿ ಕೂಪನ್ ಮತ್ತು ಕಾರ್ಡಿನಿಂದ ಬರುವುದು ಆರೇಳು ನೂರು. ಸಗಟಿನಿಂದ ಇನ್ನೂರು ಮುನ್ನೂರು. ಉಳಿದದ್ದೆಲ್ಲ ಆಫರ್ ಇದೆ ಎಂದು ತರುತ್ತಿದ್ದ ಬೇಡದ ಸಾಮಾನಿನ ದುಡ್ಡು. ನಾದಿನಿ ನಂಬದೆ ತನ್ನ ಒಂದು ತಿಂಗಳ ಬಿಲ್ಲುಗಳನ್ನೆಲ್ಲ ತಂದು ಹಾಕಿದಳು. ಇಬ್ಬರೂ ಕೂತು ಗೆರೆ ಹಾಕಿದೆವು. ಪಟ್ಟಿಯಲ್ಲಿ ಇಲ್ಲದೆ ಆಫರಿಗಾಗಿ ಬಂದದ್ದೇ ಒಂಬೈನೂರು ದಾಟಿತು. ಅವಳೂ ಈಗ ಪುಸ್ತಕ ಇಟ್ಟಿದ್ದಾಳೆ.

ಎಕ್ಸ್‌ಪೈರಿ ಹತ್ತಿರ ಬಂದ ಪ್ಯಾಕೆಟ್ಟಿಗೆ ಅರ್ಧ ಕ್ರಯದ ಸ್ಟಿಕ್ಕರ್ ಹಚ್ಚುವ ಒಂದು ಅಂಗಡಿ ಉಂಟು, ಹಚ್ಚುವ ದಿನವೂ ಹೊತ್ತೂ ನನಗೆ ಗೊತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ನನಗೇ ಉಳಿಯಲಿಕ್ಕಿಲ್ಲ. ಪಾಯಿಂಟು ಮತ್ತು ಕಾರ್ಡ್ ಎರಡನ್ನೂ ಒಂದೇ ಬಿಲ್ಲಿಗೆ ಕೂಡಿಸುವ ಕ್ರಮವೂ ಹಾಗೆಯೇ, ಕೌಂಟರಿನಲ್ಲಿ ಯಾವುದನ್ನು ಮೊದಲು ಹೇಳಬೇಕು ಎಂಬುದನ್ನು ನೀವೇ ಒಮ್ಮೆ ಹೇಳಿ ನೋಡಿ ಕಂಡುಕೊಳ್ಳಿ.

ಈಗ ಕೈಗೆತ್ತಿಕೊಂಡಿರುವುದು ಹತ್ತು ನಿಮಿಷದಲ್ಲಿ ತಂದುಕೊಡುವ ಆ್ಯಪ್‌ಗಳ "ಉಚಿತ ಡೆಲಿವರಿ" ಕೂಪನ್. ಡೆಲಿವರಿ ಉಚಿತ ಮಾಡಿ ಹ್ಯಾಂಡ್ಲಿಂಗ್ ಎಂದೂ ಸಣ್ಣ ಆರ್ಡರ್ ಎಂದೂ ಬೇರೆ ಬೇರೆ ಸಾಲಿನಲ್ಲಿ ಹಾಕುತ್ತಾರೆ. ಜೋರು ಮಳೆಯ ದಿನ ಸ್ಕೂಟರ್ ತೆಗೆಯುವುದಕ್ಕಿಂತ ಇದು ಲಾಭವೋ ಎಂದು ನೋಡಬೇಕು. ಜೂನಿನ ಬಿಲ್ಲುಗಳನ್ನೆಲ್ಲ ತೆಗೆದಿಟ್ಟಿದ್ದೇನೆ, ಜುಲೈಯದ್ದು ಸೇರಿದ ಮೇಲೆ ಪುಸ್ತಕದಲ್ಲಿ ಅದಕ್ಕೂ ಒಂದು ಪುಟ.