ಕಡಲ ತೀರದಲ್ಲಿ ಇಡೀ ದಿನ ಹಕ್ಕಿ ನೋಡುವುದು ಹೇಗೆ?

ಹಕ್ಕಿ ನೋಡಬೇಕಾದರೆ ನಸುಕಿನಲ್ಲೇ ಏಳಬೇಕು ಅಂತ ಎಲ್ಲರೂ ಹೇಳುತ್ತಾರೆ. ಕಾಡಿಗೆ, ಕೆರೆಗೆ ಆ ಮಾತು ಸರಿ. ಕಡಲ ತೀರದಲ್ಲಿ ಮಾತ್ರ ಹಕ್ಕಿಗಳ ಊಟ, ನಿದ್ದೆ ಎರಡನ್ನೂ ಬಹುಪಾಲು ಉಬ್ಬರ ಇಳಿತವೇ ನಡೆಸುತ್ತದೆ. ಹಾಗಾಗಿ ಮೊದಲ ಕೆಲಸ ಹಿಂದಿನ ರಾತ್ರಿಯದು: ನೀವು ಹೋಗುವ ಜಾಗದ ಉಬ್ಬರದ ಸಮಯ ನೋಡಿಕೊಳ್ಳಿ, ಮೊಬೈಲಿನಲ್ಲೇ ಸಿಗುತ್ತದೆ. ಹೆಚ್ಚಿನ ತೀರಗಳಲ್ಲಿ ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ, ಏರಿಕೆಗೂ ಇಳಿಕೆಗೂ ನಡುವೆ ಸುಮಾರು 6 ಗಂಟೆ, ಮತ್ತು ದಿನದಿಂದ ದಿನಕ್ಕೆ ಈ ಸಮಯ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹೋದ ವಾರ ಯಾರೋ ಹೇಳಿದ ಟೈಮು ಈ ವಾರಕ್ಕೆ ಆಗಿಬರಲ್ಲ, ಅಲ್ವಾ? ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಂತೂ ಏರಿಳಿತ ಜಾಸ್ತಿ.

ಬ್ಯಾಗಿಗೆ ನೀರು, ಟೋಪಿ, ನೋಟ್‌ಬುಕ್, 8×42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಅಗಲದ ಲೆನ್ಸಿನ) ಬೈನಾಕ್ಯುಲರ್ ಸಾಕು. ಹತ್ತು ಪಟ್ಟು ತೋರಿಸುವುದು ಬೇಕು ಅಂತ ಅನ್ನಿಸಬಹುದು, ಆದರೆ ಕಡಲ ಗಾಳಿಗೆ ಕೈ ಅಲುಗಿದಷ್ಟೂ ಚಿತ್ರವೂ ಕುಣಿಯುತ್ತದೆ.

ಇನ್ನು ಕೂರುವ ಜಾಗ. ಅಳಿವೆಯ ಪಕ್ಕದ ಕೆಸರುಬಯಲು ಸಿಕ್ಕರೆ ಬೇರೆಲ್ಲೂ ಹೋಗಬೇಡಿ. ನೀರು ಪೂರ್ತಿ ಇಳಿದಾಗ ಹಕ್ಕಿಗಳು ದೂರದಲ್ಲಿ ಬರೀ ಚುಕ್ಕೆ. ಅವುಗಳ ಹಿಂದೆ ಕೆಸರಿಗೆ ಇಳಿದರೆ ಹಕ್ಕಿ ಹಾರುತ್ತದೆ, ಕಾಲು ಹೂತುಹೋಗುತ್ತದೆ, ನೀರು ಏರಿ ಸುತ್ತುವರಿದರೆ ಜೀವಕ್ಕೇ ಕುತ್ತು. ಅದರ ಬದಲು ಉಬ್ಬರ ತುಂಬುವುದಕ್ಕೆ ಎರಡು ಮೂರು ಗಂಟೆ ಮೊದಲೇ ಹೋಗಿ, ಸೂರ್ಯನಿಗೆ ಬೆನ್ನು ಮಾಡಿ ಸುಮ್ನೆ ಕೂತುಬಿಡಿ. ನೀರು ಏರಿದಂತೆ ಹಕ್ಕಿಗಳೇ ನಿಮ್ಮ ಕಡೆ ಬರುತ್ತವೆ.

ಬಂದ ಮೇಲೆ ಬಣ್ಣ ನೋಡಬೇಡಿ, ಚಳಿಗಾಲದಲ್ಲಿ ಅರ್ಧಕ್ಕರ್ಧ ಹಕ್ಕಿಗಳು ಬೂದು ಬೂದಾಗಿಯೇ ಇರುತ್ತವೆ. ಉಣ್ಣುವ ರೀತಿ ನೋಡಿ. ನಾಲ್ಕು ಹೆಜ್ಜೆ ಓಡಿ, ಗಕ್ಕನೆ ನಿಂತು, ಒಮ್ಮೆ ಕುಕ್ಕಿ ಮತ್ತೆ ಓಡಿದರೆ ಅದು ಪ್ಲೋವರ್, ಅದಕ್ಕೆ ಕಣ್ಣೇ ಆಧಾರ. ತಲೆ ತಗ್ಗಿಸಿ ಹೊಲಿಗೆ ಹಾಕಿದ ಹಾಗೆ ಕೆಸರನ್ನು ಚುಚ್ಚುತ್ತಲೇ ಹೋದರೆ ಸ್ಯಾಂಡ್‌ಪೈಪರ್ ಬಳಗದ್ದು ಇರಬಹುದು. ಅಲೆ ಹಿಂದೆ ಸರಿದಾಗ ಅದರ ಬೆನ್ನಟ್ಟಿ, ಬಂದಾಗ ಕಾಲ್ಕೀಳುವ ಪುಟ್ಟ ಬಿಳಿ ಗುಂಪು ಸ್ಯಾಂಡರ್ಲಿಂಗ್. ಉದ್ದ ಕೊಕ್ಕು ಕೆಳಕ್ಕೆ ಬಾಗಿದ ಕರ್ಲ್ಯೂ ಸಿಕ್ಕರೆ ಐದು ನಿಮಿಷ ಅದನ್ನೇ ನೋಡಿ: ಏಡಿಯನ್ನು ಹಿಡಿದೆಳೆದು, ಒದರಿ ಒದರಿ ಕಾಲುಗಳನ್ನು ಉದುರಿಸಿ, ಆಮೇಲೆ ಮೈಯನ್ನು ಹಾಗೇ ನುಂಗುತ್ತದೆ.

ಉಬ್ಬರ ತುಂಬಿದಾಗ ಎಲ್ಲವೂ ಒಂದು ದಿಬ್ಬದ ಮೇಲೆ ಒತ್ತೊತ್ತಾಗಿ, ಒಂಟಿ ಕಾಲಲ್ಲಿ, ಕೊಕ್ಕನ್ನು ಬೆನ್ನಿನ ಗರಿಯೊಳಗೆ ಹುದುಗಿಸಿ ನಿಲ್ಲುತ್ತವೆ. ಎಣಿಸಲು ಇದೇ ಹೊತ್ತು. ಹತ್ತಿರ ಹೋಗುವ ಹೊತ್ತಂತೂ ಅಲ್ಲ. ಒಂದು ಫೋಟೊಗಾಗಿ ಇಡೀ ಗುಂಪನ್ನು ಎಬ್ಬಿಸುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. 2022ರಲ್ಲಿ ಬಾರ್-ಟೇಲ್ಡ್ ಗಾಡ್ವಿಟ್ ಎಂಬ ವಲಸೆ ಹಕ್ಕಿಯ ಮರಿಯೊಂದು ಅಮೆರಿಕದ ಅಲಾಸ್ಕಾದಿಂದ ಆಸ್ಟ್ರೇಲಿಯಾದ ಟಾಸ್ಮೇನಿಯಾದವರೆಗೆ ಸುಮಾರು 13,560 ಕಿಲೋಮೀಟರ್ ದೂರವನ್ನು ಎಲ್ಲೂ ಇಳಿಯದೆ 11 ದಿನಗಳಲ್ಲಿ ಹಾರಿತ್ತು. ಅಂಥ ಪಯಣಕ್ಕೆ ಕೊಬ್ಬು ಕೂಡಿಡುತ್ತಿರುವ ಹಕ್ಕಿಯನ್ನು ಹಾರಿಸಿದರೆ ಆ ಕೊಬ್ಬನ್ನೇ ಕರಗಿಸಿದಂತೆ.

ನಡು ಮಧ್ಯಾಹ್ನ ಬಿಸಿಗಾಳಿ ನಡುಗಿ ದೂರದ್ದೆಲ್ಲ ಕಲಸಿಹೋಗುತ್ತದೆ. ಊಟ ಮಾಡಿ, ನೆರಳಲ್ಲಿ ಒರಗಿಕೊಳ್ಳಿ.

ಬಿಸಿಲು ಇಳಿದ ಮೇಲೆ ಬಂದರಿಗೋ, ಕಡಲಿಗೆ ಚಾಚಿದ ಬಂಡೆಗೋ ಹೋಗಿ. ಗಾಳಿ ಕಡಲಿನಿಂದ ನೆಲದ ಕಡೆ ಬೀಸುತ್ತಿದ್ದರೆ ಅದೃಷ್ಟ, ದೂರದ ಹಕ್ಕಿಗಳೂ ದಡಕ್ಕೆ ಹತ್ತಿರವಾಗುತ್ತವೆ. ಕೊಕ್ಕು ಕೆಳಗೆ ಮಾಡಿ ಹಾರುತ್ತಾ, ತಟ್ಟನೆ ನೀರಿಗೆ ಧುಮುಕುವುದು ಟರ್ನ್. ಗಲ್ ಎಂಬ ಕಡಲಕ್ಕಿಗಳ ವಿಷಯಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ದೊಡ್ಡ ಜಾತಿಯವಕ್ಕೆ ಬೆಳೆದ ಹಕ್ಕಿಯ ಗರಿ ಬರಲು ಸುಮಾರು 4 ವರ್ಷ ಬೇಕು, ಅಲ್ಲಿವರೆಗೆ ವರ್ಷಕ್ಕೊಂದು ವೇಷ, ಹಳಬರೇ ತಡವರಿಸುತ್ತಾರೆ.

ಹೊರಡುವ ಮುನ್ನ ಸಮಯ, ಜಾಗ, ಎಣಿಕೆ, ನೀರು ಏರುತ್ತಿತ್ತೋ ಇಳಿಯುತ್ತಿತ್ತೋ ಎಲ್ಲ ಬರೆದುಕೊಂಡು, ನೋಡಿದ ಹಕ್ಕಿಗಳ ಪಟ್ಟಿ ದಾಖಲಿಸುವ ಇಬರ್ಡ್ (eBird) ಜಾಲತಾಣಕ್ಕೆ ಹಾಕಿ. ಗುರುತು ಸಿಗದ ಗಲ್ ಅನ್ನು ಬರೀ 'ಗಲ್' ಅಂತ ಹಾಕಲೂ ಅಲ್ಲಿ ಅವಕಾಶವಿದೆ. ಲೆನ್ಸಿನ ಮೇಲೆ ಕೂತ ಉಪ್ಪನ್ನು ಅಂಗಿ ತುದಿಯಿಂದ ಉಜ್ಜಬೇಡಿ, ಗೀರು ಬೀಳುತ್ತದೆ. ಮೊದಲು ಮರಳನ್ನು ಊದಿ, ಆಮೇಲೆ ಸಿಹಿನೀರಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಒರೆಸಿ.