ಪಿಡಿ-1 ಪ್ರೋಟೀನ್ ಪುಡಿ ಕರಗಿಸುವುದು ಹೇಗೆ?

ನೂರು ಮೈಕ್ರೋಗ್ರಾಂ ಪ್ರೋಟೀನ್ ಅಂದರೆ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಟ್ಯೂಬ್‌ನ ತಳದಲ್ಲಿ ಒಣಗಿದ ಗಂಜಿತಿಳಿಯಂಥ ಒಂದು ಪೊರೆ, ಅಷ್ಟೇ. ಅದನ್ನು ಹತ್ತು ನಿಮಿಷದಲ್ಲಿ ಹಾಳು ಮಾಡಿಕೊಂಡು, ಆಮೇಲೆ ತಿಂಗಳುಗಟ್ಟಲೆ ‘ಎಲೈಸಾ ಬರ್ತಾನೇ ಇಲ್ಲ’ (ಎಲೈಸಾ ಅಂದರೆ ಪ್ಲೇಟ್‌ನ ಪುಟ್ಟ ಗುಳಿಗಳಲ್ಲಿ, ಅಂದರೆ ಬಾವಿಗಳಲ್ಲಿ, ಪ್ರತಿಕಾಯ ಪ್ರೋಟೀನನ್ನು ಹಿಡಿಯಿತೇ ಎಂದು ಬಣ್ಣದಿಂದ ತಿಳಿಯುವ ಪರೀಕ್ಷೆ) ಎಂದು ಒದ್ದಾಡಿದವರನ್ನು ಲ್ಯಾಬ್‌ನಲ್ಲಿ ತುಂಬಾ ನೋಡಿದ್ದೇನೆ. ಅದಕ್ಕೇ ಈ ಬರಹ.

ಪಿಡಿ-1 ನಮ್ಮ ಟಿ-ಕೋಶದ (ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) ಮೈಮೇಲೆ ಇರುವ ಬ್ರೇಕ್. 1992ರಲ್ಲಿ ಜಪಾನಿನ ಕ್ಯೋಟೋದಲ್ಲಿ ತಸುಕು ಹೊಂಜೊ ಅವರ ತಂಡ ಇದನ್ನು ಕಂಡುಹಿಡಿಯಿತು. 2018ರಲ್ಲಿ ಅವರಿಗೆ ನೊಬೆಲ್ ಬಂತು, ಜೇಮ್ಸ್ ಆಲಿಸನ್ ಜೊತೆ. ಈ ಬ್ರೇಕನ್ನು ಬಿಡಿಸುವ ಕ್ಯಾನ್ಸರ್ ಔಷಧಗಳೇ ಪೆಂಬ್ರೊಲಿಜುಮ್ಯಾಬ್ ಮತ್ತು ನಿವೊಲುಮ್ಯಾಬ್. ಇಡೀ ಪ್ರೋಟೀನ್‌ನಲ್ಲಿ 288 ಅಮೈನೋ ಆಮ್ಲಗಳಿವೆ. ನಮ್ಮ ಕೈಗೆ ಬರುವುದು ಕೋಶದ ಹೊರಗೆ ಚಾಚಿಕೊಂಡ ಭಾಗ ಮಾತ್ರ, ಸಾಮಾನ್ಯವಾಗಿ 25ರಿಂದ 167ರವರೆಗಿನ ತುಂಡು. ಇದು ಸಂಶೋಧನೆಗೆ ಮಾತ್ರ, ಚಿಕಿತ್ಸೆಗಲ್ಲ.

ಮೊದಲು ಟ್ಯಾಗ್ (ಪ್ರೋಟೀನ್‌ನ ತುದಿಗೆ ಜೋಡಿಸಿದ ಹೆಚ್ಚುವರಿ ತುಂಡು) ನೋಡಿ ಆರ್ಡರ್ ಮಾಡಿ. ಮಾನವ ಪ್ರತಿಕಾಯವನ್ನು ಪರೀಕ್ಷಿಸುವುದಾದರೆ ಹಿಸ್ ಟ್ಯಾಗ್ (ಹಿಸ್ಟಿಡಿನ್ ಅಮೈನೋ ಆಮ್ಲಗಳ ಪುಟ್ಟ ಸರ) ಇರುವುದನ್ನೇ ತೆಗೆದುಕೊಳ್ಳಿ. ಮಾನವ ಎಫ್‌ಸಿ ಟ್ಯಾಗ್ (ಪ್ರತಿಕಾಯದ ಬಾಲದ ಭಾಗ) ಇದ್ದರೆ ನಿಮ್ಮ ಸೆಕೆಂಡರಿ (ಮಾನವ ಪ್ರತಿಕಾಯವನ್ನು ಹಿಡಿದು ಬಣ್ಣ ಬರಿಸುವ ಎರಡನೇ ಪ್ರತಿಕಾಯ) ಆ ಟ್ಯಾಗನ್ನೇ ಹಿಡಿದು ಎಲ್ಲ ಬಾವಿಗಳನ್ನೂ ಹಳದಿ ಮಾಡಿಬಿಡುತ್ತದೆ. ಪಿಡಿ-ಎಲ್1 (ಪಿಡಿ-1ಕ್ಕೆ ಅಂಟಿ ಬ್ರೇಕ್ ಒತ್ತುವ ಪ್ರೋಟೀನ್) ಜೊತೆಗಿನ ಬಂಧ ನೋಡುವುದಾದರೆ ಮಾತ್ರ ಎಫ್‌ಸಿ ಒಳ್ಳೆಯದು. ಆ ಬಂಧ ತುಂಬಾ ಸಡಿಲ. ಒಂಟಿ ಅಣು ತೊಳೆಯುವಾಗಲೇ ಬಿಟ್ಟುಹೋಗುತ್ತದೆ, ಎಫ್‌ಸಿ ಎರಡನ್ನು ಕೂಡಿಸಿ ಜೋಡಿ ಮಾಡಿದ್ದರೆ ನಿಲ್ಲುತ್ತದೆ. ಬ್ಯಾಕ್ಟೀರಿಯಾದಲ್ಲಿ ಮಾಡಿದ ಅಗ್ಗದ ಪುಡಿ ಬೇಡ. ಅದರಲ್ಲಿ ಸಕ್ಕರೆ ಸರಪಳಿ ಇರುವುದಿಲ್ಲ, ಕೆಲವು ಪ್ರತಿಕಾಯಗಳು ಸಕ್ಕರೆಯನ್ನೂ ಸೇರಿಸಿಯೇ ಗುರುತಿಸುತ್ತವೆ. ಮಾನವ ಕೋಶದಲ್ಲಿ, ಅಂದರೆ ಎಚ್‌ಇಕೆ293ರಲ್ಲಿ ಮಾಡಿದ್ದನ್ನೇ ತರಿಸಿ.

ಟ್ಯೂಬ್ ಫ್ರೀಜರ್‌ನಿಂದ ಹೊರಬಂದ ಮೇಲೆ ಮುಚ್ಚಳ ಮುಟ್ಟಬೇಡಿ. ಅರ್ಧ ಗಂಟೆ ಹಾಗೇ ಇಡಿ. ತಣ್ಣಗಿರುವಾಗ ತೆರೆದರೆ ಗಾಳಿಯ ತೇವ ಒಳಗೆ ಕೂರುತ್ತದೆ. ಆಮೇಲೆ ಸಣ್ಣ ಸೆಂಟ್ರಿಫ್ಯೂಜ್‌ನಲ್ಲಿ ಒಂದು ನಿಮಿಷ ಸ್ಪಿನ್ ಕೊಡಿ. ಒಂದು ಸಲ ನಮ್ಮ ವಿದ್ಯಾರ್ಥಿನಿಯೊಬ್ಬಳು ಸ್ಪಿನ್ ಮಾಡದೆ ತೆರೆದಳು. ಮುಚ್ಚಳಕ್ಕೆ ಅಂಟಿದ್ದ ಬಿಳಿ ಚೂರು ಟೇಬಲ್ ಮೇಲೆ ಬಿತ್ತು. ದೂಳು ಅಂದುಕೊಂಡು ಟಿಶ್ಯೂನಲ್ಲಿ ಒರೆಸಿಬಿಟ್ಟಳು. ಅದೇ ಪ್ರೋಟೀನ್ ಆಗಿತ್ತು.

ಇನ್ನು ಕರಗಿಸುವುದು. ಜಾಸ್ತಿ ಜನ ಎಡವುವುದು ಇಲ್ಲೇ. ಯಾವುದರಲ್ಲಿ ಕರಗಿಸಬೇಕು ಎಂದು ಆ ಲಾಟ್‌ನ ಡೇಟಾಶೀಟ್ ಓದಿ, ಹಳೇ ಲಾಟ್‌ನದ್ದಲ್ಲ. ಪಿಬಿಎಸ್‌ನಲ್ಲಿ (ಫಾಸ್ಫೇಟ್ ಇರುವ ಉಪ್ಪಿನ ದ್ರಾವಣ) ಒಣಗಿಸಿದ ಪುಡಿಯಾದರೆ ಶುದ್ಧ ನೀರು ಸಾಕು, ಉಪ್ಪು ಪುಡಿಯಲ್ಲೇ ಇರುತ್ತದೆ. ನೂರು ಮೈಕ್ರೋಗ್ರಾಂಗೆ 500 ಮೈಕ್ರೋಲೀಟರ್ ಹಾಕಿ. ಒಂದು ಮಿಲಿಗೆ 200 ಮೈಕ್ರೋಗ್ರಾಂ ಆಗುತ್ತದೆ. ಇದಕ್ಕಿಂತ ತೀರಾ ತೆಳು ಮಾಡಿದರೆ ಪ್ರೋಟೀನ್‌ನ ದೊಡ್ಡ ಪಾಲು ಪ್ಲಾಸ್ಟಿಕ್ ಗೋಡೆಗೇ ಅಂಟಿಹೋಗುತ್ತದೆ. ಪೈಪೆಟ್ ತುದಿಯನ್ನು ಗೋಡೆಗೆ ತಾಗಿಸಿ ನಿಧಾನವಾಗಿ ಇಳಿಸಿ, ಪುಡಿಯ ಮೇಲೆ ಚಿಮ್ಮಿಸಬೇಡಿ. ಮುಚ್ಚಿ, ಟ್ಯೂಬನ್ನು ಓರೆ ಮಾಡಿ ಮೆಲ್ಲಗೆ ತಿರುಗಿಸಿ, ನೀರು ಒಳಗೋಡೆಯನ್ನೆಲ್ಲ ಮುಟ್ಟಲಿ. ಕೋಣೆಯ ತಾಪದಲ್ಲಿ ಇಪ್ಪತ್ತು ನಿಮಿಷ ಬಿಡಿ. ಇನ್ನೊಮ್ಮೆ ತಿರುಗಿಸಿ.

ವೋರ್ಟೆಕ್ಸ್ (ಟ್ಯೂಬನ್ನು ಜೋರಾಗಿ ಅಲುಗಾಡಿಸುವ ಯಂತ್ರ) ಮೇಲೆ ಇಡಲೇಬೇಡಿ. ಪೈಪೆಟ್‌ನಲ್ಲಿ ಮೇಲೆ ಕೆಳಗೆ ಎಳೆಯುವುದೂ ಬೇಡ. ಮಜ್ಜಿಗೆ ಕಡೆದ ಹಾಗೆ ನೊರೆ ಬಂದರೆ ಕೆಲಸ ಕೆಟ್ಟಿತು: ಗಾಳಿಗುಳ್ಳೆಯ ಅಂಚಿನಲ್ಲಿ ಪ್ರೋಟೀನ್‌ನ ಮಡಿಕೆ ಬಿಚ್ಚಿಕೊಳ್ಳುತ್ತದೆ. ಐದು ನಿಮಿಷ ಉಳಿಸಲು ಕೆಲವರು 37 ಡಿಗ್ರಿಯಲ್ಲಿ ಬಿಸಿ ಮಾಡುತ್ತಾರೆ. ದಯವಿಟ್ಟು ಬೇಡ.

ಬಿಎಸ್‌ಎ (ಹಸುವಿನ ರಕ್ತದ ಆಲ್ಬುಮಿನ್ ಪ್ರೋಟೀನ್) ಸೇರಿಸಬೇಕಾ ಎಂದು ಎಲ್ಲರೂ ಕೇಳುತ್ತಾರೆ. ತೆಳು ದ್ರಾವಣವನ್ನು ಕೋಶಗಳ ಮೇಲೆ ಬಳಸುವುದಾದರೆ 0.1 ಶೇಕಡಾ ಸೇರಿಸಿ. ಪ್ಲೇಟ್ ಕೋಟ್ ಮಾಡುವುದಾದರೆ (ಬಾವಿಯ ಒಳಮೈಗೆ ಪ್ರೋಟೀನ್ ಅಂಟಿಸುವುದಾದರೆ) ಖಂಡಿತ ಬೇಡ, ಬಾವಿಯ ಜಾಗವನ್ನೆಲ್ಲ ಅದೇ ಹಿಡಿಯುತ್ತದೆ. ಪ್ರೋಟೀನ್‌ಗೆ ಗುರುತಾಗಿ ಬಯೋಟಿನ್ ಎಂಬ ವಿಟಮಿನ್ ಜೋಡಿಸುವವರು ಬಿಎಸ್‌ಎ, ಟ್ರಿಸ್ ಬಫರ್ ಎರಡನ್ನೂ ದೂರ ಇಡಿ. ಬಯೋಟಿನ್ ಅವುಗಳಿಗೇ ಅಂಟಿಕೊಳ್ಳುತ್ತದೆ.

ಕರಗಿದ ದಿನವೇ 20 ಮೈಕ್ರೋಲೀಟರ್‌ನಂತೆ ಹಂಚಿ, ಮೈನಸ್ 80ಕ್ಕೆ ಹಾಕಿ. ಪ್ರೋಟೀನ್ ಅಂಟದ ಲೋ-ಬೈಂಡ್ ಟ್ಯೂಬ್‌ಗೆ ದುಡ್ಡು ಕೊಡಿ. ಒಂದು ಟ್ಯೂಬ್‌ನಲ್ಲಿ 4 ಮೈಕ್ರೋಗ್ರಾಂ ಇರುತ್ತದೆ. ಒಂದು ಮಿಲಿಗೆ 2 ಮೈಕ್ರೋಗ್ರಾಂನಂತೆ, ಬಾವಿಗೆ 100 ಮೈಕ್ರೋಲೀಟರ್ ಹಾಕಿದರೆ 20 ಬಾವಿಗಳಿಗೆ ಸಾಕು. ಉಳಿದದ್ದನ್ನು ಮತ್ತೆ ಫ್ರೀಜ್ ಮಾಡಬೇಡಿ. ತಾನಾಗಿ ಮಂಜು ಕರಗಿಸಿಕೊಳ್ಳುವ ಮನೆ ಫ್ರಿಜ್‌ನ ಫ್ರೀಜರ್ ಇದಕ್ಕೆ ಆಗುವುದಿಲ್ಲ, ಒಳಗೆ ಬಿಸಿ ಏರಿಳಿಯುತ್ತಲೇ ಇರುತ್ತದೆ.

ಒಂದು ಟ್ಯೂಬನ್ನು ಜೆಲ್‌ನಲ್ಲಿ (ವಿದ್ಯುತ್ತಿನಿಂದ ಪ್ರೋಟೀನ್‌ಗಳನ್ನು ಗಾತ್ರದಂತೆ ಬೇರ್ಪಡಿಸುವ ಅಂಟುಪದರ) ಓಡಿಸಿ ನೋಡಿ. ಹಿಸ್ ಟ್ಯಾಗ್‌ನ ತುಂಡು ಲೆಕ್ಕದಲ್ಲಿ ಸುಮಾರು 17 ಕಿಲೋಡಾಲ್ಟನ್ (ಅಣುವಿನ ತೂಕದ ಅಳತೆ). ಪಟ್ಟೆ ಮಾತ್ರ 30ರಿಂದ 40ರ ನಡುವೆ, ಮಸುಕಾಗಿ ಹರಡಿಕೊಂಡು ಕಾಣುತ್ತದೆ. ತಪ್ಪು ಪ್ರೋಟೀನ್ ಬಂತು ಎಂದು ಗಾಬರಿ ಬೇಡ. ನಾಲ್ಕು ಜಾಗದಲ್ಲಿ ಅಂಟಿರುವ ಸಕ್ಕರೆ ಅದನ್ನು ದಪ್ಪ ಮಾಡಿದೆ.