ಭಾನುವಾರ ಎತ್ತಂಗಡಿ, ಸೋಮವಾರ ಫೋನು: ಡೇಟಾಬೇಸ್ ಬದಲಿಸುವುದು ಹೇಗೆ?

ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯ ಸಾಫ್ಟ್‌ವೇರನ್ನು ಹುಬ್ಬಳ್ಳಿಯಲ್ಲಿ ಕೂತು ನಾವು ನೋಡಿಕೊಳ್ಳುತ್ತೇವೆ. ಅದರ ಡೇಟಾಬೇಸನ್ನು, ಅಂದರೆ ಲೆಕ್ಕವೆಲ್ಲ ಕೂಡಿಟ್ಟ ಕಣಜವನ್ನು, ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಸಾಫ್ಟ್‌ವೇರಿನಿಂದ ಪೋಸ್ಟ್‌ಗ್ರೆಸ್ ಎಂಬ ಇನ್ನೊಂದಕ್ಕೆ ಸಾಗಿಸಿದೆವು. ಡೇಟಾ ಸಾಗಿದ್ದು ಅರ್ಧ ಗಂಟೆಯಲ್ಲಿ. ಆದರೆ ಹಳೆಯದು ಸುಮ್ನೆ ನುಂಗಿಕೊಂಡಿದ್ದ ತಪ್ಪುಗಳನ್ನು ಹೊಸದು ಒಪ್ಪಲಿಲ್ಲ. ಅವನ್ನು ಸರಿಪಡಿಸಲು ತಿಂಗಳು ಬೇಕಾಯಿತು.

ಮೊದಲು ಬ್ಯಾಕಪ್. ತೆಗೆದಿಟ್ಟರಷ್ಟೇ ಸಾಲದು, ಬೇರೆ ಕಂಪ್ಯೂಟರ್‌ನಲ್ಲಿ ರಿಸ್ಟೋರ್ ಮಾಡಿ ತೆರೆದು ನೋಡಿ. ಮುಂದಿನ ಪ್ರಯೋಗವೆಲ್ಲ ಆ ಪ್ರತಿಯ ಮೇಲೆಯೇ ನಡೆಯಲಿ.

ಆಮೇಲೆ ಕಸ ಹುಡುಕಿ. ಹಳೆಯ ಮೈಎಸ್‌ಕ್ಯೂಎಲ್‌ನಲ್ಲಿ ತಾರೀಖು ಹಾಕದಿದ್ದರೆ 0000-00-00 ಎಂದು ಕೂತುಬಿಡುತ್ತಿತ್ತು. ಪೋಸ್ಟ್‌ಗ್ರೆಸ್‌ಗೆ ಅಂಥ ದಿನವೇ ಇಲ್ಲ. ಎಷ್ಟಿವೆ ಎಂದು ಎಣಿಸಿಕೊಳ್ಳಿ.

ಸಾಗಿಸಲು ಪಿಜಿಲೋಡರ್ ಎಂಬ ಉಚಿತ ಸಾಧನವಿದೆ. ಟೇಬಲ್ ಕಟ್ಟುವುದು, ಸಾಲು ತುಂಬುವುದು, ಸೊನ್ನೆ ತಾರೀಖನ್ನು ನಲ್ (ಖಾಲಿ) ಮಾಡುವುದು, ಸಾಮಾನ್ಯವಾಗಿ 0 ಅಥವಾ 1 ಇಡುವ ಟೈನಿಇಂಟ್(1) ಕಾಲಮ್ಮನ್ನು ಬೂಲಿಯನ್ (ಹೌದು/ಅಲ್ಲ) ಮಾಡುವುದು ಎಲ್ಲ ಅದರದೇ ಕೆಲಸ. ಆದರೆ ನಿಮ್ಮ ಪ್ರೋಗ್ರಾಂ ಇನ್ನೂ ‘=1’ ಎಂದೇ ಕೇಳುತ್ತಿದ್ದರೆ ಎರರ್ ಬರುತ್ತದೆ. ಕ್ವೆರಿಗಳನ್ನು, ಅಂದರೆ ಪ್ರೋಗ್ರಾಂ ಡೇಟಾಬೇಸಿಗೆ ಕೇಳುವ ಪ್ರಶ್ನೆಗಳನ್ನು, ಒಂದೊಂದಾಗಿ ಓಡಿಸಿಯೇ ನೋಡಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಹೆಸರುಗಳ ಸುತ್ತ ಹಾಕುವ ಬ್ಯಾಕ್‌ಟಿಕ್ (`) ಗುರುತು ತೆಗೆಯಿರಿ, ಖಾಲಿ ಜಾಗಕ್ಕೆ ಬದಲಿ ಕೊಡುವ ಇಫ್‌ನಲ್ ಇದ್ದಲ್ಲಿ ಅದೇ ಕೆಲಸದ ಕೋಅಲೆಸ್ ಹಾಕಿ.

ಎರರ್ ಬಂದರೆ ಪುಣ್ಯ, ಕಣ್ಣಿಗಾದರೂ ಬೀಳುತ್ತದೆ. ನಮ್ಮಲ್ಲಿ ಡಬ್ಬಿ ಎಂಬ ಬಗೆಯ ಮೆಣಸಿನಕಾಯಿಯ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬರು ಪೂರ್ತಿ ದೊಡ್ಡಕ್ಷರದಲ್ಲಿ, ಇನ್ನೊಬ್ಬರು ಚಿಕ್ಕಕ್ಷರದಲ್ಲಿ ಟೈಪ್ ಮಾಡಿದ್ದರು. ಮೈಎಸ್‌ಕ್ಯೂಎಲ್ ಸಾಮಾನ್ಯವಾಗಿ ಎರಡನ್ನೂ ಒಂದೇ ಎನ್ನುತ್ತದೆ, ಪೋಸ್ಟ್‌ಗ್ರೆಸ್ ಬೇರೆ ಬೇರೆ ಎನ್ನುತ್ತದೆ. ವರದಿಯಲ್ಲಿ ಅರ್ಧ ಡಬ್ಬಿ ಮಾಯ! ಕ್ವೆರಿಯಲ್ಲಿ ತೇಪೆ ಹಾಕುವ ಬದಲು ಹೆಸರುಗಳನ್ನೇ ಒಮ್ಮೆ ತಿದ್ದಿಬಿಡುವುದು ವಾಸಿ.

ಕನ್ನಡಕ್ಕೆ ಈ ದೊಡ್ಡದು ಚಿಕ್ಕದರ ತಂಟೆ ಇಲ್ಲ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ, ಮೈಎಸ್‌ಕ್ಯೂಎಲ್‌ನ ಹಳೆಯ ಯುಟಿಎಫ್8 ವಿಧಾನದಲ್ಲಿ ಒಂದು ಅಕ್ಷರಕ್ಕೆ 3 ಬೈಟ್‌ವರೆಗೆ ಜಾಗ, ಕನ್ನಡಕ್ಕೆ ಬೇಕಾದದ್ದೂ 3. ಯಲ್ಲಪ್ಪ ಅಂದರೆ ಒತ್ತಕ್ಷರ ಮೂಡಿಸುವ ಎರಡು ಹಲಂತವೂ (್) ಸೇರಿ 7 ಕೋಡ್, 21 ಬೈಟ್. ಆದರೆ ಹಳೆಯ ಪ್ರೋಗ್ರಾಂ ಪಶ್ಚಿಮ ಯುರೋಪಿನ ಭಾಷೆಗಳಿಗಷ್ಟೇ ಇರುವ ಲ್ಯಾಟಿನ್1 ವಿಧಾನದ ಸಂಪರ್ಕದಲ್ಲಿ ಬರೆದಿದ್ದರೆ ಆ ಹೆಸರು ಹೊಸ ಕಡೆ ಗೊಚ್ಚೆಯಾಗಿ ಕಾಣುತ್ತದೆ. ಹತ್ತಿಪ್ಪತ್ತು ಹೆಸರು ತೆರೆದು ಕಣ್ಣಾರೆ ಓದಿ.

ತಾಳೆ ನೋಡುವಾಗ ಸಾಲುಗಳ ಎಣಿಕೆ ಸಾಕಾಗಲ್ಲ. ವರ್ಷವಾರು ಕ್ವಿಂಟಲ್, ವರ್ಷವಾರು ಹಣ ಎರಡೂ ಕಡೆ ಕೂಡಿಸಿ ನೋಡಿ.

ಕೊನೆಯ ಸಾಗಾಟಕ್ಕೆ ವ್ಯಾಪಾರ ಇಲ್ಲದ ದಿನ ಹಿಡಿಯಿರಿ. ನಾವು ಭಾನುವಾರ ಎಂಟ್ರಿ ನಿಲ್ಲಿಸಿ, ಕೊನೆಯ ಸಲ ಲೋಡ್ ಮಾಡಿ, ಯಾವ ಟೇಬಲ್‌ನಲ್ಲಿ ಏನೆಷ್ಟಿದೆ ಎಂದು ಪೋಸ್ಟ್‌ಗ್ರೆಸ್‌ಗೆ ಅಂದಾಜು ಕೊಡುವ ಅನಲೈಸ್ ಆದೇಶ ಓಡಿಸಿದೆವು. ಅದು ಓಡದಿದ್ದರೆ ಕ್ವೆರಿ ತೆವಳಬಹುದು. ಹಳೆಯದನ್ನು ಅಳಿಸಬೇಡಿ, ಓದಲಿಕ್ಕಷ್ಟೇ ತೆರೆದಿಡಿ.

ಸೋಮವಾರ ಬೆಳಿಗ್ಗೆ ಫೋನು. “ಬಿಲ್ ಆಗವಲ್ದರಿ ಸರ್, ರೈತರು ನಿಂತಾರ!” ತಪ್ಪು ನನ್ನದೇ. ಬಿಲ್ ಟೇಬಲ್ ಒಂದನ್ನು ಮಾತ್ರ ಪಿಜಿಲೋಡರ್ ಬಿಟ್ಟು ಕೈಯಾರೆ ಸಿಎಸ್‌ವಿಯಿಂದ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸಾದಾ ಫೈಲಿನಿಂದ) ತುಂಬಿದ್ದೆ. ಪೋಸ್ಟ್‌ಗ್ರೆಸ್‌ನಲ್ಲಿ ಮುಂದಿನ ನಂಬರ್ ಕೊಡುವ ಸೀಕ್ವೆನ್ಸ್ ಬೇರೆಯೇ ಇರುತ್ತದೆ, ನಂಬರ್ ಸಮೇತ ಸಾಲು ತುಂಬಿದರೆ ಅದು ಮುಂದೆ ಸರಿಯಲ್ಲ. 48 ಸಾವಿರ ಬಿಲ್ ಇದ್ದರೂ ಅದು 1ರಿಂದ ಶುರು ಮಾಡಿತ್ತು. ಆ ನಂಬರಿನ ಬಿಲ್ ಆಗಲೇ ಇದ್ದದ್ದರಿಂದ ಹೊಸದು ಫೇಲ್. ಒತ್ತಿದಾಗಲೆಲ್ಲ ಫೇಲಾದರೂ ನಂಬರ್ ಒಂದು ಮುಂದೆ ಹೋಗುತ್ತದೆ. ಅಂದರೆ 48 ಸಾವಿರ ಸಲ ಬಟನ್ ಒತ್ತಿದ್ದರೆ ತಾನೇ ಸರಿಹೋಗುತ್ತಿತ್ತು! ನಾನು ಸೀಕ್ವೆನ್ಸಿನ ನಂಬರ್ ಕೂರಿಸುವ ಸೆಟ್‌ವಾಲ್‌ಗೆ ಕೊನೆಯ ಬಿಲ್ ನಂಬರ್ ಕೊಟ್ಟು ಓಡಿಸಿದೆ. ಮುಂದಿನ ಒತ್ತಿಗೇ ಬಿಲ್ ಬಂತು.